14 ವರ್ಷ ತಪ್ಪು ಹೇಳಿಕೊಟ್ಟ ಮೇಣದಬತ್ತಿ

ನಮ್ಮ ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಉಸ್ತುವಾರಿ ನೋಡುವ ಸಿ.ಆರ್.ಪಿ. ಸರ್ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಆದೇಶ ಹಾಕಿದ್ದು 2024ರ ಫೆಬ್ರವರಿ ಮೊದಲ ವಾರ. ಐದು ದಿನದ ವಸತಿ ಸಹಿತ ವಿಜ್ಞಾನ ತರಬೇತಿ. ಶಾಲೆಗೆ ಒಬ್ಬರು. ಕಡ್ಡಾಯ. ಕೊನೆಗೆ ಓ.ಓ.ಡಿ. ಸೌಲಭ್ಯ ಇದೆ, ಅಂದರೆ ಆ ದಿನಗಳೂ ಕರ್ತವ್ಯದ ಲೆಕ್ಕಕ್ಕೇ, ಅಂತ ಒಂದು ಸಾಲು. ಅದರ ಕೆಳಗೆ ನಲವತ್ತು ಮಂದಿ ಕೈಮುಗಿಯುವ ಎಮೋಜಿ ಒತ್ತಿದ್ದರು. ಅದರ ಅರ್ಥ ಒಪ್ಪಿಗೆ ಅಂತಲ್ಲ, ನೋಡಿದೆ ಅಂತ ಅಷ್ಟೇ.

ನನ್ನದು ಚಳ್ಳಕೆರೆ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಆರು, ಏಳು, ಎಂಟನೇ ತರಗತಿಗೆ ವಿಜ್ಞಾನವೂ ನಾನೇ, ಗಣಿತವೂ ನಾನೇ. ಹಾಗಾಗಿ ಶಾಲೆಗೆ ಒಬ್ಬರು ಅಂದರೆ ಅದು ನಾನೇ. ಫೆಬ್ರವರಿಯಲ್ಲಿ ಐದು ದಿನ ಹೋಗು ಅಂದರೆ ಯಾವ ಮೇಡಂಗೆ ಸಿಟ್ಟು ಬರಲ್ಲ ಹೇಳಿ? ಪರೀಕ್ಷೆ ಎದುರಿಗಿದೆ. ಪಾಠ ಮುಗಿದಿಲ್ಲ. ಮನೆಯಲ್ಲಿ ಎರಡನೇ ಮಗ ನಾಲ್ಕನೇ ತರಗತಿ. ಅತ್ತೆಗೆ ಮಂಡಿ ನೋವು.

ಫೆಬ್ರವರಿಯೇ ಯಾಕೆ ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ತರಬೇತಿಯ ಖರ್ಚು ಇಲಾಖೆಯದಲ್ಲ, ಒಂದು ದೊಡ್ಡ ಕಂಪನಿಯದು. ಸಿ.ಎಸ್.ಆರ್. ದುಡ್ಡು, ಅಂದರೆ ಕಂಪನಿಗಳು ಸಮಾಜಕ್ಕೆ ಅಂತ ಕೊಡಬೇಕಾದ ಪಾಲು. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದು ಮುಟ್ಟಿದರೂ ಸಾಕು. ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟ್ ಸಮಾಜದ ಕೆಲಸಕ್ಕೆ ಕೊಡಬೇಕು. 2021ರಿಂದ ನಿಯಮ ಇನ್ನೂ ಬಿಗಿಯಾಗಿದೆ. ಖರ್ಚಾಗದೆ ಉಳಿದ ದುಡ್ಡನ್ನು ಕಂಪನಿ ಸುಮ್ನೆ ತನ್ನ ಹತ್ತಿರ ಇಟ್ಟುಕೊಳ್ಳುವ ಹಾಗಿಲ್ಲ. ಕಂಪನಿಯ ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ನಮ್ಮ ಪಾಠ ಮುಗಿಯಬೇಕಾದ್ದೂ ಹೆಚ್ಚುಕಡಿಮೆ ಆಗಲೇ. ಎರಡು ಲೆಕ್ಕ ಡಿಕ್ಕಿ ಹೊಡೆದ ಜಾಗದಲ್ಲಿ ನಾವು ಬ್ಯಾಗು ಹಿಡಿದು ನಿಂತಿದ್ದೆವು.

ಇನ್ನೊಂದು ಮಾತು. ನಮ್ಮ ತಾಲ್ಲೂಕಿನ ಕುದಾಪುರದಲ್ಲಿ ಬೆಂಗಳೂರಿನ ದೊಡ್ಡ ವಿಜ್ಞಾನ ಸಂಸ್ಥೆ ಐ.ಐ.ಎಸ್‌ಸಿ.ಯ ಕ್ಯಾಂಪಸ್ ಇದೆ. ಅಲ್ಲಿ ಹೈಸ್ಕೂಲು, ಪಿಯು ಮೇಷ್ಟ್ರುಗಳಿಗೆ ತರಬೇತಿ ನಡೆಯುತ್ತದೆ. ಹೋಗಿ ಬಂದವರು ಹೊಗಳುತ್ತಾರೆ. ನಾವು ಪ್ರೈಮರಿಯವರು ಬಸ್ಸಿನ ಕಿಟಕಿಯಿಂದ ಅದರ ಗೇಟು ನೋಡಿದ್ದೇ ಬಂತು. ಅದಕ್ಕೇ ಇರಬೇಕು, ಒಳಗೊಳಗೆ ಸ್ವಲ್ಪ ಆಸೆಯೂ ಇತ್ತು.

ಮೊದಲ ದಿನ ಅರ್ಧ ಹೊತ್ತು ಹಾಳಾಯಿತು. ದೀಪ ಬೆಳಗಿಸುವುದು, ಬ್ಯಾನರು, ಕಂಪನಿಯ ಇಬ್ಬರ ಭಾಷಣ. ಎಲ್ಲರಿಗೂ ಹೆಸರು ಬರೆದ ಟೀ ಶರ್ಟು. ಸೀರೆ ಮೇಲೆ ಅದನ್ನು ಹಾಕಿಕೊಂಡು ಗ್ರೂಪ್ ಫೋಟೋಗೆ ನಿಲ್ಲಿ ಅಂದರು. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಮಡಚಿ ಎದೆಗೆ ಹಿಡಿದುಕೊಂಡು ನಿಂತೆವು. ಹೊಸದುರ್ಗದ ಕಡೆಯ ಒಬ್ಬ ಮೇಡಂ ಏಳು ತಿಂಗಳ ಕೂಸನ್ನೂ, ನೋಡಿಕೊಳ್ಳೋಕೆ ತಮ್ಮ ತಾಯಿಯನ್ನೂ ಕರೆದುಕೊಂಡು ಬಂದಿದ್ದರು. ಆ ಅಜ್ಜಿ ಐದೂ ದಿನ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರ ವಿಷಯ ಆಮೇಲೆ ಬರುತ್ತದೆ.

ಊಟವಾದ ಮೇಲೆ ತರಬೇತುದಾರರು ಬಂದರು. ಸುಮಾರು ಅರವತ್ತು ವರ್ಷದ, ಖಾದಿ ಅಂಗಿಯ ಮನುಷ್ಯ. ಪ್ರೊಜೆಕ್ಟರ್ ಆರಿಸಿಬಿಟ್ಟರು. ನಮಗೆಲ್ಲ ಬೇಜಾರು. ಕತ್ತಲಲ್ಲಿ ಒಂದು ನಿದ್ದೆ ತೆಗೆಯೋಣ ಅಂತಿದ್ದೆವು. ಅವರು ಐದೈದು ಜನರ ಗುಂಪಿಗೆ ಒಂದು ಟಾರ್ಚ್ ಬಲ್ಬು, ಒಂದು ಸೆಲ್ಲು, ಗೇಣುದ್ದದ ಒಂದೇ ಒಂದು ವೈರು ಕೊಟ್ಟರು. ಹತ್ತಿಸಿ ಅಂದರು.

ನಾವು ನಕ್ಕೆವು. ಸರ್ಕ್ಯೂಟ್ ಚಿತ್ರ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿಲ್ಲ? ಆದರೆ ಆ ಚಿತ್ರದಲ್ಲಿ ಬಲ್ಬಿಗೆ ಎರಡು ಗೆರೆ ಬರುತ್ತವೆ. ಇಲ್ಲಿ ಇದ್ದದ್ದು ಒಂದೇ ವೈರು. ವೈರಿನ ಒಂದು ತುದಿ ಸೆಲ್ಲಿಗೆ, ಇನ್ನೊಂದು ಬಲ್ಬಿನ ಬುಡಕ್ಕೆ. ಹತ್ತಲಿಲ್ಲ. ತಿರುಗಿಸಿದೆವು. ಹತ್ತಲಿಲ್ಲ. ಪಕ್ಕದ ಗುಂಪಿನ ಎಂ.ಎಸ್ಸಿ. ಮಾಡಿದ ಸರ್ ವೈರನ್ನು ಸೆಲ್ಲಿನ ಎರಡೂ ತುದಿಗೆ ಒತ್ತಿ ಹಿಡಿದು, ಬಿಸಿ ತಾಗಿ ಅಯ್ಯಪ್ಪಾ ಅಂತ ಬಿಟ್ಟರು. ಇಪ್ಪತ್ತು ನಿಮಿಷ ಹೋಯಿತು. ಕೊನೆಗೆ ನಮ್ಮ ಗುಂಪಿನ ಪಿ.ಟಿ. ಮೇಷ್ಟ್ರು, ವಿಜ್ಞಾನದವರು ರಜೆ ಹಾಕಿದ್ದಕ್ಕೆ ಅವರ ಬದಲು ಬಂದವರು, ಬಲ್ಬಿನ ಬುಡವನ್ನು ಸೆಲ್ಲಿನ ಗುಬುಟಿನ ಮೇಲೆ ನಿಲ್ಲಿಸಿ, ಸೆಲ್ಲಿನ ತಳದಿಂದ ವೈರು ತಂದು ಬಲ್ಬಿನ ಪಕ್ಕದ ತಗಡಿಗೆ ಮುಟ್ಟಿಸಿದರು. ಹತ್ತಿತು!

ಬಲ್ಬಿಗೂ ಎರಡು ತುದಿ ಇವೆ. ಬುಡದ ಚುಕ್ಕೆ ಒಂದು, ಸುತ್ತಲ ತಗಡು ಇನ್ನೊಂದು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೈಗೆ ಗೊತ್ತಿರಲಿಲ್ಲ.

ಯಾರೂ ನಿದ್ದೆ ಮಾಡಲಿಲ್ಲ ಅವತ್ತು.

ಎರಡನೇ ದಿನದ್ದು ನನಗೆ ಈಗಲೂ ಸ್ವಲ್ಪ ಚುಚ್ಚುತ್ತದೆ. ತಟ್ಟೆಯಲ್ಲಿ ನೀರು, ಮಧ್ಯೆ ಉರಿಯುವ ಮೇಣದಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಎಲ್ಲ ಶಾಲೆಯಲ್ಲೂ ಮಾಡಿ ತೋರಿಸುವ ಪ್ರಯೋಗ ಇದು.

"ನೀರು ಯಾಕೆ ಏರಿತು?" ಅಂತ ತರಬೇತುದಾರರು ಕೇಳಿದರು.

"ಆಕ್ಸಿಜನ್ ಖಾಲಿ ಆಯ್ತಲ್ಲ ಸರ್. ಗಾಳಿಯಲ್ಲಿ ಐದರಲ್ಲಿ ಒಂದು ಭಾಗ ಅದೇ. ಆ ಜಾಗಕ್ಕೆ ನೀರು ಬಂತು." ನಾನೇ ಹೇಳಿದ್ದು. 14 ವರ್ಷದಿಂದ ಹೇಳಿಕೊಂಡು ಬಂದಿದ್ದೆ.

"ಸರಿ ಮೇಡಂ. ಈಗ ಅದೇ ಲೋಟದೊಳಗೆ ಮೂರು ಬತ್ತಿ ಇಟ್ಟು ಮಾಡಿ."

ಮಾಡಿದೆ. ನೀರು ಮೊದಲಿಗಿಂತ ಎಷ್ಟೋ ಮೇಲಕ್ಕೆ ಏರಿತು. ಲೋಟ ಅದೇ, ಗಾಳಿ ಅಷ್ಟೇ, ಅದರಲ್ಲಿರುವ ಆಕ್ಸಿಜನ್ನೂ ಅಷ್ಟೇ. ಹಾಗಾದರೆ ಜಾಸ್ತಿ ಹೇಗೆ ಏರಿತು? ಅವರು ಹೇಳಲಿಲ್ಲ. ಟೀ ಕುಡಿಯೋಕೆ ಹೋದರು. ನಿಜವಾಗಿ ಹೇಳುತ್ತೇನೆ, ನನಗೆ ಆಗ ಅವರ ಮೇಲೆ ಸಿಟ್ಟು ಬಂದಿತ್ತು.

ನಾವು ಮತ್ತೆ ಮತ್ತೆ ಮಾಡಿದೆವು. ಎರಡು ವಿಷಯ ಕಣ್ಣಿಗೆ ಬಿದ್ದವು. ಲೋಟ ಮುಚ್ಚುವ ಹೊತ್ತಿಗೆ ಅಂಚಿನಿಂದ ಗುಳ್ಳೆ ಹೊರಗೆ ಬರುತ್ತಿದ್ದವು. ಬತ್ತಿ ಉರಿಯುವಾಗ ನೀರು ಅಷ್ಟೇನೂ ಏರುತ್ತಿರಲಿಲ್ಲ, ಆರಿದ ಮೇಲೆ ಸರ್ರನೆ ಏರುತ್ತಿತ್ತು. ಇಷ್ಟು ವರ್ಷ ಇದೇ ಪ್ರಯೋಗ ಮಾಡಿದ್ದೇನೆ, ಒಂದು ಸಲವೂ ಇದನ್ನು ನೋಡಿರಲಿಲ್ಲ. ಉತ್ತರ ಮೊದಲೇ ಗೊತ್ತಿದ್ದವರು ನೋಡೋದು ಯಾಕೆ, ಅಲ್ವಾ?

ಆಗ ಹಿಂದಿನ ಬೆಂಚಿನ ಅಜ್ಜಿ, ಕೂಸನ್ನು ತೊಡೆ ಮೇಲೆ ಆಡಿಸುತ್ತಾ, "ಬಿಸಿ ಸಾರು ಹಾಕಿ ಡಬ್ಬಿ ಮುಚ್ಚಿಟ್ರೆ ಆರಿದ ಮೇಲೆ ಮುಚ್ಚಳ ಕಚ್ಕೊಂಡು ಬಿಡುತ್ತಲ್ಲವ್ವಾ, ಹಂಗೇ ಇರ್ಬೇಕು" ಅಂದರು.

ಹಂಗೇ ಇತ್ತು. ಬತ್ತಿಯ ಬಿಸಿಗೆ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ. ಬತ್ತಿ ಆರಿದ ಮೇಲೆ ಒಳಗೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಹೊರಗಿನ ಗಾಳಿ ನೀರನ್ನು ಒಳಗೆ ತಳ್ಳುತ್ತದೆ. ಮೂರು ಬತ್ತಿಗೆ ಬಿಸಿ ಜಾಸ್ತಿ, ಅದಕ್ಕೇ ನೀರೂ ಜಾಸ್ತಿ. ಬತ್ತಿ ಆರುವ ಹೊತ್ತಿಗೆ ಆಕ್ಸಿಜನ್ ಪೂರ್ತಿ ಖಾಲಿಯೂ ಆಗಿರುವುದಿಲ್ಲ. ತರಬೇತುದಾರರು ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅಜ್ಜಿಗೆ ಕೈಮುಗಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 14 ವರ್ಷ, ವರ್ಷಕ್ಕೆ ಮೂವತ್ತು ಮಕ್ಕಳು ಅಂದರೂ ಎಷ್ಟಾಯಿತು ಅಂತ ಲೆಕ್ಕ ಹಾಕುತ್ತಾ ಮಲಗಿದ್ದೆ.

ಮೂರನೇ ದಿನ ಆಮ್ಲ, ಪ್ರತ್ಯಾಮ್ಲ. ಕಂಪನಿ ಕೊಟ್ಟ ಕಿಟ್ಟಿನಲ್ಲಿ, ಯಾವುದು ಆಮ್ಲ ಯಾವುದು ಪ್ರತ್ಯಾಮ್ಲ ಅಂತ ಬಣ್ಣ ಬದಲಿಸಿ ತೋರಿಸುವ ಲಿಟ್ಮಸ್ ಕಾಗದ ಇತ್ತು. ಅದು ಮುಗಿದ ಮೇಲೆ ಏನು ಮಾಡ್ತೀರಿ ಅಂತ ಕೇಳಿದರು. ಈ ಸಲ ನಮ್ಮ ಹೆಂಗಸರು ಸುಮ್ನೆ ಇರಲಿಲ್ಲ. ಆರತಿ ನೀರು ಸರ್, ಅಂದೆವು. ಅರಿಶಿನದ ನೀರಿಗೆ ಎಲೆಯಡಿಕೆಯ ಸುಣ್ಣ ಹಾಕಿದರೆ ಓಕುಳಿ ಕೆಂಪು. ಅದಕ್ಕೇ ಹುಣಸೆ ನೀರು ಬಿಟ್ಟರೆ ಮತ್ತೆ ಹಳದಿ. ಬಟ್ಟೆ ಮೇಲೆ ಬಿದ್ದ ಸಾರಿನ ಕಲೆಗೆ ಸೋಪು ಹಚ್ಚಿದರೆ ಕೆಂಪಗಾಗೋದೂ ಅದೇ. ನಮ್ಮ ಅಡುಗೆಮನೆಯಲ್ಲೇ ಇದ್ದ ವಿಷಯ. ಆದರೆ ಅದು ಪಾಠಕ್ಕೆ ಬರಬಹುದು ಅಂತ ನಾವ್ಯಾರೂ ಅಂದುಕೊಂಡಿರಲಿಲ್ಲ.

ನಾಲ್ಕನೇ ದಿನ ಲೋಲಕ. ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಟ್ಟೆವು. ಒಂದು ಮೀಟರ್ ದಾರ, ಹತ್ತು ತೂಗಾಟಕ್ಕೆ ಸುಮಾರು 20 ಸೆಕೆಂಡು. ದೊಡ್ಡ ಕಲ್ಲು ಕಟ್ಟಿದರೂ ಅಷ್ಟೇ. ಸಮಯ ಅರ್ಧ ಆಗಬೇಕಾದರೆ ದಾರ ಅರ್ಧ ಮಾಡಿದರೆ ಸಾಲದು, ಕಾಲು ಭಾಗ ಮಾಡಬೇಕು. ಚೆನ್ನಾಗಿತ್ತು. ಆದರೆ ಬತ್ತಿಯ ಹಾಗೆ ಬೆಚ್ಚಿಬೀಳಿಸಲಿಲ್ಲ.

ಅವತ್ತು ರಾತ್ರಿ ಊಟದ ಮೇಲೆ ಅಂಗಳದಲ್ಲಿ ಕೂತಾಗ ತರಬೇತುದಾರರು ಹೋಶಂಗಾಬಾದ್ ಕತೆ ಹೇಳಿದರು. ಮಧ್ಯಪ್ರದೇಶದ ಆ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ, ಮಕ್ಕಳಿಗೆ ಪ್ರಯೋಗ ಮಾಡಿಸಿಯೇ ವಿಜ್ಞಾನ ಕಲಿಸುವ ಒಂದು ಪ್ರಯತ್ನ ಶುರುವಾಯಿತಂತೆ. ಕಿಶೋರ್ ಭಾರತಿ, ಫ್ರೆಂಡ್ಸ್ ರೂರಲ್ ಸೆಂಟರ್ ಅನ್ನುವ ಎರಡು ಸಂಸ್ಥೆಗಳು ಅದನ್ನು ಶುರು ಮಾಡಿದ್ದು. ದೊಡ್ಡ ದೊಡ್ಡ ಸಂಸ್ಥೆಗಳ ವಿಜ್ಞಾನಿಗಳು ಬಂದು ಹಳ್ಳಿ ಮೇಷ್ಟ್ರುಗಳ ಜೊತೆ ನೆಲದ ಮೇಲೆ ಕೂತು ಪ್ರಯೋಗ ಮಾಡುತ್ತಿದ್ದರು. ಆಮೇಲೆ ಇಡೀ ಜಿಲ್ಲೆಗೆ ಹರಡಿತು. 1982ರಲ್ಲಿ ಏಕಲವ್ಯ ಸಂಸ್ಥೆ ಹುಟ್ಟಿದ್ದೂ ಅದರಿಂದಲೇ. ಪರೀಕ್ಷೆಯಲ್ಲಿ ಮಕ್ಕಳು ಪುಸ್ತಕ ತೆರೆದು ನೋಡಬಹುದಿತ್ತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಮೂವತ್ತು ವರ್ಷ ಅದು ನಡೆದದ್ದು ಕಿಟ್ಟಿನ ಬಲದಿಂದ ಮಾತ್ರ ಅಲ್ಲ ಅಂದರು ಅವರು. ಮೇಷ್ಟ್ರುಗಳು ತಿಂಗಳಿಗೊಮ್ಮೆ ಸೇರುತ್ತಿದ್ದರು. ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು ಅಂತ ಮಾತಾಡುತ್ತಿದ್ದರು.

ಕಂಪನಿಯಿಂದ ಬಂದಿದ್ದ ಹುಡುಗಿಯೂ ಅಲ್ಲೇ ಕೂತಿದ್ದಳು. ಬೆಂಗಳೂರಿನವಳು, ಇಂಜಿನಿಯರು. ಫೋಟೋ ತೆಗೆಯೋದು, ವರದಿ ಬರೆಯೋದು ಅವಳ ಕೆಲಸ. ಮೊದಲ ದಿನ ಮಧ್ಯಾಹ್ನ ನಮ್ಮ ಜೊತೆ ಕೂತು ಬಲ್ಬು ಹತ್ತಿಸೋಕೆ ಹೋಗಿ ಅವಳೂ ಸೋತಿದ್ದಳು. "ನಮ್ಮ ವರದಿಯಲ್ಲಿ ತಿಂಗಳ ಸಭೆಗೆ ಕಾಲಮ್ಮೇ ಇಲ್ಲ ಮೇಡಂ" ಅಂದಳು. "ಎಷ್ಟು ಟೀಚರ್ಸ್, ಎಷ್ಟು ಕಿಟ್, ಎಷ್ಟು ಮಕ್ಕಳು. ಅಷ್ಟೇ ಕೇಳೋದು."

ಐದನೇ ದಿನ ಸರ್ಟಿಫಿಕೇಟು, ಕಿಟ್ಟು, ಫೀಡ್‌ಬ್ಯಾಕ್ ಫಾರ್ಮು. ಎಲ್ಲರೂ ಐದಕ್ಕೆ ಐದು ಗುರುತು ಹಾಕಿದೆವು. ನಾನು ಕೆಳಗೆ ಖಾಲಿ ಜಾಗದಲ್ಲಿ, ಇನ್ನು ಮುಂದೆ ಫೆಬ್ರವರಿಯಲ್ಲಿ ಬೇಡ, ಜೂನ್‌ನಲ್ಲಿ ಮಾಡಿ ಅಂತ ಬರೆದೆ.

ನಿಜವಾದ ಕತೆ ಶುರುವಾಗಿದ್ದು ಊರಿಗೆ ಬಂದ ಮೇಲೆ. ಕಿಟ್ಟು ಅಂದರೆ ಒಂದು ದೊಡ್ಡ ನೀಲಿ ಪೆಟ್ಟಿಗೆ. ಬೀಕರು, ಥರ್ಮಾಮೀಟರು, ಮಸೂರ, ಕನ್ನಡಿ, ಅಯಸ್ಕಾಂತ, ಸ್ಪಿರಿಟ್ ಲ್ಯಾಂಪು. ಮುಚ್ಚಳದ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ. ನಮ್ಮ ಮುಖ್ಯೋಪಾಧ್ಯಾಯರು, ಎಚ್.ಎಂ. ಸರ್, ಒಂದೊಂದೇ ಎಣಿಸಿ ಸ್ಟಾಕ್ ರಿಜಿಸ್ಟರ್‌ನಲ್ಲಿ ಬರೆದರು. ಆಮೇಲೆ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀ ಜೇಬಿಗೆ ಹಾಕಿಕೊಂಡರು.

"ಸರ್, ಅದು ಮಕ್ಕಳು ಮುಟ್ಟೋಕೆ ಕೊಟ್ಟಿರೋದು."

"ಮೇಡಂ, ನಂದು ಇನ್ನು 19 ತಿಂಗಳು ಸರ್ವೀಸು. ಒಂದು ಥರ್ಮಾಮೀಟರ್ ಕಮ್ಮಿ ಬಂದ್ರೂ ಆಡಿಟ್‌ನವರು ನನ್ನ ಕೇಳ್ತಾರೆ. ಪೆನ್ಷನ್ ಪೇಪರ್ ಅಲ್ಲೇ ನಿಲ್ಲುತ್ತೆ."

ಹೊರಗಿನವರಿಗೆ ಇದು ತಮಾಷೆ ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ಸರ್ ಒಳ್ಳೆಯವರು. ನಾಲ್ಕು ವರ್ಷದ ಹಿಂದೆ ಶಾಲೆಯಲ್ಲಿ ಒಂದು ಗ್ಲೋಬು ಕಾಣೆಯಾಗಿ, ಅದಕ್ಕೆ ಅವರೇ ಕೈಯಿಂದ ದುಡ್ಡು ಕಟ್ಟಿದ್ದು ನನಗೆ ಗೊತ್ತು. ದಾನವಾಗಿ ಬಂದ ಸಾಮಾನೂ ರಿಜಿಸ್ಟರ್ ಹತ್ತಿದ ಮೇಲೆ ಸರ್ಕಾರದ ಸಾಮಾನೇ. ಇದ್ದಷ್ಟೂ ಇದೆ ಅಂತ ತೋರಿಸಬೇಕು. ಆದರೆ ಮಕ್ಕಳ ಕೈಗೆ ಕೊಟ್ಟ ಗಾಜು ಒಡೆಯದೆ ಇರುತ್ತಾ? ಕಿಟ್ಟು ಕೊಡುವ ಎಷ್ಟು ಕಂಪನಿಗಳಿಗೆ ಈ ರಿಜಿಸ್ಟರ್ ಇದೆ ಅಂತ ಗೊತ್ತಿದೆ? ಬೀರುವಿನೊಳಗೆ ಹೊಸದರಂತೆ ಹೊಳೆಯುವ ಕಿಟ್ಟು ನಮ್ಮ ಕ್ಲಸ್ಟರಿನಲ್ಲೇ ಮೂರು ಶಾಲೆಯಲ್ಲಿ ನೋಡಿದ್ದೇನೆ. ಮೂರರ ಮೇಲೂ ಬೇರೆ ಬೇರೆ ಕಂಪನಿಯ ಹೆಸರು.

ಹಾಗಾಗಿ ಜೂನ್‌ನಲ್ಲಿ ನಾನು ಕಿಟ್ಟಿಲ್ಲದೆ ಶುರು ಮಾಡಿದೆ. ಟಾರ್ಚ್ ಬಲ್ಬಿಗೆ ಚಳ್ಳಕೆರೆ ಪೇಟೆಯೆಲ್ಲ ಸುತ್ತಿದೆ. ಈಗ ಎಲ್ಲ ಎಲ್ಇಡಿ. ಎಲ್ಇಡಿ ಒಂದು ಸೆಲ್ಲಿಗೆ ಹತ್ತಲ್ಲ, ಎರಡಾದರೂ ಬೇಕು, ತಿರುಗಿಸಿ ಹಾಕಿದರೂ ಹತ್ತಲ್ಲ. ಅದು ಬೇರೆಯದೇ ಪಾಠ. ಕೊನೆಗೆ ಒಂದು ಹಳೆಯ ಸೈಕಲ್ ಅಂಗಡಿಯಲ್ಲಿ ಧೂಳು ಹಿಡಿದ ಡಬ್ಬಿಯೊಂದು ಸಿಕ್ಕಿತು. ಒಳಗೆ ಹದಿನೆಂಟು ಬಲ್ಬು. ಅಷ್ಟೂ ತಂದೆ. ಏಳನೇ ತರಗತಿಯ ಮಕ್ಕಳು ಆರು ನಿಮಿಷದಲ್ಲಿ ಹತ್ತಿಸಿದರು. ನಮಗೆ ಇಪ್ಪತ್ತು ನಿಮಿಷ ಹಿಡಿದಿತ್ತು ಅಂತ ಅವರಿಗೆ ಹೇಳಲಿಲ್ಲ!

ಮೇಣದಬತ್ತಿ ಪಾಠದ ದಿನ ಮಾತ್ರ ಎಂಟನೇ ತರಗತಿಯವರಿಗೆ ಹೇಳಿದೆ. ಹೋದ ವರ್ಷ ನಿಮಗೆ ನಾನು ಹೇಳಿದ್ದು ತಪ್ಪು, ಮತ್ತೆ ಮಾಡೋಣ ಅಂತ. ಮಿಸ್ಸೇ ತಪ್ಪು ಮಾಡಿದ್ದಾರೆ ಅಂದಾಗ ಮಕ್ಕಳ ಮುಖ ನೋಡಬೇಕಿತ್ತು. ಅವತ್ತಿನಿಂದ ಅವರ ಪ್ರಶ್ನೆ ಜಾಸ್ತಿಯಾಗಿದೆ. ಒಮ್ಮೊಮ್ಮೆ ಸಾಕಪ್ಪಾ ಅನ್ನಿಸುವಷ್ಟು.

ಅದೇ ಆಗಸ್ಟ್‌ನಲ್ಲಿ ನೆರಳಿಲ್ಲದ ದಿನ ನೋಡೋಣ ಅಂದುಕೊಂಡೆ. ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಮಧ್ಯಕ್ಕೊಮ್ಮೆ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ. ಆಗಸ್ಟ್‌ನಲ್ಲಿ ಮೋಡ. ಮಕ್ಕಳು ಕೋಲು ನೆಟ್ಟು ಒಂದು ಗಂಟೆ ಕಾದರು, ಸೂರ್ಯನೇ ಕಾಣಲಿಲ್ಲ. ಡಿಸೆಂಬರ್ ಕೊನೆ ವಾರ ಬಿಸಿಲು ಚೆನ್ನಾಗಿತ್ತು. ಆಟದ ಬಯಲಿನಲ್ಲಿ ಒಂದು ಮೀಟರ್ ಕೋಲು ನೆಟ್ಟು, ಸುತ್ತ ಒಂದು ವೃತ್ತ ಎಳೆದೆವು. ಕೋಲಿನ ನೆರಳಿನ ತುದಿ ಬೆಳಗ್ಗೆ 10.50ಕ್ಕೆ ವೃತ್ತ ಮುಟ್ಟಿ ಒಳಗೆ ಬಂತು. ಮಧ್ಯಾಹ್ನ ಎರಡು ಗಂಟೆಗೆ ಇನ್ನೊಂದು ಕಡೆಯಿಂದ ಹೊರಗೆ ಹೋಯಿತು. ಎರಡರ ನಡುವೆ ಲೆಕ್ಕ ಹಾಕಿ ಅಂದೆ. 12.25 ಬಂತು.

"ಮಿಸ್, ಮಧ್ಯಾಹ್ನ ಅಂದ್ರೆ 12 ಅಲ್ವಾ?"

ನಮ್ಮ ಗಡಿಯಾರ ನಡೆಯುವುದು ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖೆಯ ಲೆಕ್ಕಕ್ಕೆ. ನಾವು ಅಲ್ಲಿಂದ ಸುಮಾರು ಆರು ಡಿಗ್ರಿ ಪಡುವಣಕ್ಕೆ ಇದ್ದೇವೆ. ಡಿಗ್ರಿಗೆ ನಾಲ್ಕು ನಿಮಿಷ. ಸೂರ್ಯ ಅವರ ನೆತ್ತಿ ದಾಟಿ ಸುಮಾರು ಇಪ್ಪತ್ತನಾಲ್ಕು ನಿಮಿಷದ ಮೇಲೆ ನಮ್ಮ ಕಡೆ ಬರುತ್ತಾನೆ. ಇದನ್ನು ನಾನು ಹೇಳುವ ಮುಂಚೆ ಅಟ್ಲಾಸ್ ಹುಡುಕಿಸಿ ಅವರಿಂದಲೇ ತೆಗೆಸಿದೆ. ಎರಡು ದಿನ ಹಿಡಿಯಿತು. ಕೊನೆಗೆ ಒಬ್ಬ ಕೇಳಿದ, "ಹಂಗಾದ್ರೆ ನಮ್ಮ ಬಿಸಿಯೂಟದ ಬೆಲ್ಲು ತಪ್ಪಾ?"

ಈ ಹೊತ್ತಿಗೆ ಆ ಇಂಜಿನಿಯರ್ ಹುಡುಗಿಯ ಫೋನು ಬಂದಿತ್ತು. ಕಂಪನಿಯವರು ಎರಡನೇ ವರ್ಷ ಹೊಸ ಕಿಟ್ಟು ಕಮ್ಮಿ ಮಾಡಿ, ತಿಂಗಳ ಸಭೆಗೆ ದುಡ್ಡು ಇಡೋಕೆ ಒಪ್ಪಿದ್ದಾರೆ ಅಂದಳು. ದೊಡ್ಡ ಮೊತ್ತವೇನಲ್ಲ. ಟೀ, ಉಪ್ಪಿಟ್ಟು, ಬಸ್ ಚಾರ್ಜು, ಮುಗಿದುಹೋಗುವ ಸಾಮಾನು. ಬಸ್ ಚಾರ್ಜು ಮೇಷ್ಟ್ರುಗಳಿಗೆ ಮಾತ್ರ ಬೇಕಾಯಿತು. ನಮಗೆ ಶಕ್ತಿ ಯೋಜನೆ ಇದೆಯಲ್ಲ. ಈಗ ಪ್ರತಿ ತಿಂಗಳ ಮೂರನೇ ಶನಿವಾರ ಮಧ್ಯಾಹ್ನ ಹದಿನೈದು ಹದಿನಾರು ಜನ ಸೇರುತ್ತೇವೆ. ಬ್ಯಾನರ್ ಇರಲ್ಲ. ಹೋದ ತಿಂಗಳು ಪೂರ್ತಿ ಒಂದೇ ವಿಷಯ ಮಾತಾಡಿದೆವು. ಒಬ್ಬರ ಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ತಂದ ದಾಸವಾಳದ ರಸ ಬಣ್ಣವೇ ಬದಲಿಸಲಿಲ್ಲ, ಯಾಕೆ ಅಂತ. ಇನ್ನೂ ಉತ್ತರ ಸಿಕ್ಕಿಲ್ಲ. ಹೂವು ಹಳೆಯದಿತ್ತು ಅಂತ ಒಬ್ಬರು, ಬೋರ್‌ವೆಲ್ ನೀರಿನ ತಪ್ಪು ಅಂತ ಇನ್ನೊಬ್ಬರು.

ಅವಳ ಹತ್ತಿರ ನಾನು ಇನ್ನೊಂದು ಕೇಳಿದ್ದೆ. ಕಿಟ್ಟಿನ ಗಾಜಿನ ಸಾಮಾನು ಬಳಸಿ ಮುಗಿಸೋಕೇ ಕೊಟ್ಟದ್ದು, ಒಡೆದರೆ ಕಂಪನಿಯ ತಕರಾರಿಲ್ಲ ಅಂತ ಒಂದು ಪತ್ರ ಕೊಡಿ ಎಂದು. ಲೆಟರ್‌ಹೆಡ್ಡಿನಲ್ಲೇ ಬಂತು. ಎಚ್.ಎಂ. ಸರ್ ಅದನ್ನು ಮೂರು ಸಲ ಓದಿದರು. ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿ.ಇ.ಒ. ಕಚೇರಿಗೆ ಒಯ್ದು ಅಲ್ಲೂ ಕೇಳಿಕೊಂಡು ಬಂದರು. ಬಳಸಿ ಮುಗಿಯುವ ಸಾಮಾನಿಗೆ ಬೇರೆ ರಿಜಿಸ್ಟರ್ ಇಡಿ ಅಂದರಂತೆ. ಮಾರನೇ ದಿನ ಹೊಸ ರಿಜಿಸ್ಟರಿಗೆ ರಟ್ಟು ಹಾಕಿಸಿ, ತಮ್ಮ ಕೈಯಾರೆ ಗೆರೆ ಎಳೆದು, ಬೀರುವಿನ ಕೀ ನನ್ನ ಮೇಜಿನ ಮೇಲೆ ಇಟ್ಟರು.

ಅದರ ಮೊದಲ ಪುಟದಲ್ಲಿ ಈಗ ಎರಡು ಸಾಲು ಇದೆ. 250 ಎಂ.ಎಲ್. ಬೀಕರು 1, ಏಳನೇ ತರಗತಿ, ಪ್ರಯೋಗದ ವೇಳೆ ಒಡೆದಿದೆ. ಥರ್ಮಾಮೀಟರು 1, ಅದೇ. ಎರಡನೇ ಸಾಲಿನ ಕೆಳಗೆ ಸರ್ ಸಹಿ ಹಾಕುವಾಗ, "ಮೇಡಂ, ಥರ್ಮಾಮೀಟರ್ ಹೆಂಗೆ ಒಡೀತು?" ಅಂತ ಕೇಳಿದರು. ಕುದಿಯುವ ನೀರಿನಿಂದ ತೆಗೆದು ಸೀದಾ ತಣ್ಣೀರಿಗೆ ಇಟ್ಟರು ಸರ್, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗೆ ಇಟ್ರೆ ಯಾಕೆ ಒಡೆಯುತ್ತೆ?" ಅಂದರು. ಅವರು ಸಮಾಜ ವಿಜ್ಞಾನದ ಮೇಷ್ಟ್ರು. ನಾನು ಮೂರನೇ ಶನಿವಾರ ನೀವೂ ಬನ್ನಿ ಅಂದಿದ್ದೇನೆ.